ಉದ್ಯೋಗ ಮಸೂದೆಯಿಂದ ಒಂದೊಂದೇ ಪದ ಉದುರಿದ ಕಥೆ

2011ರ ಸೆಪ್ಟೆಂಬರ್ 8. ಅಮೆರಿಕದ ಸಂಸತ್ತಿನ ಎರಡೂ ಸದನಗಳ ಮುಂದೆ ನಿಂತು ಅಧ್ಯಕ್ಷ ಬರಾಕ್ ಒಬಾಮ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು: ಈ ಉದ್ಯೋಗ ಮಸೂದೆ ಪಾಸು ಮಾಡಿ. ನಿರುದ್ಯೋಗ ಶೇ 9ರ ಆಸುಪಾಸಿನಲ್ಲಿತ್ತು. ಮಸೂದೆಯ ಗಾತ್ರ 44,700 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೆರಿಗೆ ಕಡಿತವೇ ಆಗಿತ್ತು. ಅಕ್ಟೋಬರ್ 11ರಂದು ಮೇಲ್ಮನೆಯಾದ ಸೆನೆಟ್‌ನಲ್ಲಿ ಪರವಾಗಿ 50 ಮತ ಬಿತ್ತು, ವಿರುದ್ಧ 49. ಮಸೂದೆ ಸೋತಿತು.

50 ಅಂದರೆ 49ಕ್ಕಿಂತ ಜಾಸ್ತಿ ಅಲ್ವಾ? ಲೆಕ್ಕದಲ್ಲಿ ಹೌದು, ಸೆನೆಟ್‌ನಲ್ಲಿ ಅಲ್ಲ. ಅವತ್ತು ಮತ ಬಿದ್ದದ್ದು ಮಸೂದೆಗೂ ಅಲ್ಲ, ಅದನ್ನು ಚರ್ಚೆಗೆ ಎತ್ತಿಕೊಳ್ಳೋಣವೇ ಎಂಬ ಪ್ರಶ್ನೆಗೆ. ಅದಕ್ಕೇ 60 ಮತ ಬೇಕು. 1917ರಲ್ಲಿ ಈ ನಿಯಮ ಬಂದಾಗ ಮೂರನೇ ಎರಡರಷ್ಟು ಮತ ಬೇಕಿತ್ತು, 1975ರಲ್ಲಿ 60ಕ್ಕೆ ಇಳಿಸಿದರು. 1993ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ತಂದ ಸುಮಾರು 1,600 ಕೋಟಿ ಡಾಲರಿನ ಉದ್ಯೋಗ ಯೋಜನೆ ಸತ್ತದ್ದೂ ಇದೇ ಬಾಗಿಲಲ್ಲಿ. ಆಗ ಎರಡೂ ಸದನಗಳಲ್ಲಿ ಬಹುಮತ ಅವರ ಪಕ್ಷದ್ದೇ.

ಆದರೆ ತಪ್ಪನ್ನೆಲ್ಲ ನಿಯಮದ ತಲೆಗೆ ಕಟ್ಟಿದರೆ ಅರ್ಧ ಕಥೆ ಬಿಟ್ಟಂತೆ.

1930ರ ದಶಕದಲ್ಲಿ ಇಂಥ ಮಸೂದೆಗಳು ಸರಾಗವಾಗಿ ದಾಟಿದವು. 1933ರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕೇಳಿದ 488 ಕೋಟಿ ಡಾಲರ್ ಸಿಕ್ಕಿತು. ಆ ಹಣದಿಂದ ಶುರುವಾದ ಡಬ್ಲ್ಯುಪಿಎ ಎಂಬ ಸರ್ಕಾರಿ ಉದ್ಯೋಗ ಯೋಜನೆ ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ಅದನ್ನೆಲ್ಲ ಮಾಡಿಸಿದ್ದು ಭಯ.

ಭಯ ಇಳಿದರೆ ಏನಾಗುತ್ತದೆ ಅನ್ನುವುದಕ್ಕೆ 1945 ನೋಡಬೇಕು. ಯುದ್ಧ ಮುಗಿದು ಸೈನಿಕರೆಲ್ಲ ಮನೆಗೆ ಬಂದರೆ ಮತ್ತೆ ಹಳೇ ಸ್ಥಿತಿಯೇ ಗತಿ ಎಂಬ ಅಂಜಿಕೆ ಇತ್ತು. ಮೊಂಟಾನದ ಸೆನೆಟರ್ ಜೇಮ್ಸ್ ಮರ್ರೆ ‘ಪೂರ್ಣ ಉದ್ಯೋಗ ಮಸೂದೆ’ ತಂದರು. ಕೆಲಸ ಮಾಡಬಲ್ಲ ಎಲ್ಲರಿಗೂ ಕೆಲಸದ ಹಕ್ಕು ಇದೆ ಎಂದು ಅದರಲ್ಲಿ ನೇರವಾಗಿ ಬರೆದಿತ್ತು. ಎಲ್ಲರಿಗೂ ಕೆಲಸ ಸಿಗಲು ದೇಶದಲ್ಲಿ ಎಷ್ಟು ಹಣ ಓಡಾಡಬೇಕು ಎಂದು ಅಧ್ಯಕ್ಷರು ಪ್ರತಿ ವರ್ಷ ಅಂದಾಜು ಮಾಡಬೇಕು, ಖಾಸಗಿಯವರಿಂದ ಆಗದೆ ಉಳಿದದ್ದನ್ನು ಸರ್ಕಾರ ತುಂಬಬೇಕು. ಸೆನೆಟ್ ಇದನ್ನು 71-10 ಮತಗಳಿಂದ ಒಪ್ಪಿತು!

ಕೆಳಮನೆಗೆ ಹೋಗುವಷ್ಟರಲ್ಲಿ ಗಾಳಿ ಬದಲಾಗಿತ್ತು. ಅಂಜಿದ ಮಟ್ಟಿಗೆ ನಿರುದ್ಯೋಗ ಬರಲಿಲ್ಲ. ವ್ಯಾಪಾರಿ ಸಂಘಗಳು, ದೊಡ್ಡ ರೈತರ ಸಂಘ ಎಲ್ಲ ಎದುರು ನಿಂತವು. ‘ಹಕ್ಕು’ ಹೋಯಿತು, ಸರ್ಕಾರ ತುಂಬಬೇಕೆಂಬ ಮಾತು ಹೋಯಿತು. ಕೊನೆಗೆ ಹೆಸರಿನಲ್ಲಿದ್ದ ‘ಪೂರ್ಣ’ ಕೂಡ ಹೋಯಿತು. 1946ರ ಫೆಬ್ರವರಿ 20ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು ಬರೀ ‘ಉದ್ಯೋಗ ಕಾಯ್ದೆ’ಗೆ. ಅದರಿಂದ ಹುಟ್ಟಿದ್ದು ಅಧ್ಯಕ್ಷರಿಗೊಂದು ಆರ್ಥಿಕ ಸಲಹಾ ಮಂಡಳಿ ಮತ್ತು ಸಂಸತ್ತಿಗೊಂದು ಜಂಟಿ ಸಮಿತಿ. ಅರ್ಥಶಾಸ್ತ್ರಜ್ಞರಿಗಂತೂ ಕೆಲಸ ಸಿಕ್ಕಿತು ಅನ್ನಿ.

1974ರಲ್ಲಿ ಕೆಳಮನೆಯ ಅಗಸ್ಟಸ್ ಹಾಕಿನ್ಸ್ ಮತ್ತು ಸೆನೆಟರ್ ಹ್ಯೂಬರ್ಟ್ ಹಂಫ್ರಿ ಅದೇ ಆಸೆಯನ್ನು ಮತ್ತೆ ಎತ್ತಿದರು. ಮೊದಲ ಕರಡಿನಲ್ಲಿ, ಕೆಲಸ ಸಿಗದವರು ಸರ್ಕಾರದ ಮೇಲೆ ಕೋರ್ಟಿಗೆ ಹೋಗಬಹುದಿತ್ತು. ನಾಲ್ಕು ವರ್ಷ ಎಳೆದಾಟವಾಯಿತು. ಬೆಲೆ ಏರುತ್ತಿದ್ದ ಕಾಲ ಅದು. ಜನರಿಗೆ ಕೆಲಸ ಕೊಟ್ಟರೆ ಬೆಲೆ ಇನ್ನೂ ಏರುತ್ತದೆ ಎಂಬ ವಾದ ಗೆದ್ದಿತು. 1978ರ ಜನವರಿಯಲ್ಲಿ ಹಂಫ್ರಿ ತೀರಿಕೊಂಡರು, ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಬಿತ್ತು. ಕೋರ್ಟಿನ ಮಾತು ಎಂದೋ ಹೋಗಿತ್ತು. ಉಳಿದದ್ದು, 1983ರೊಳಗೆ ನಿರುದ್ಯೋಗ ಶೇ 4ಕ್ಕೆ ಇಳಿಯಬೇಕೆಂಬ ಗುರಿ. 1982ರ ಕೊನೆಗೆ ಅದು ಶೇ 10.8 ಇತ್ತು. ಗುರಿ ತಪ್ಪಿದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ.

ಇನ್ನೊಂದು ತೊಡಕು, ಉದ್ಯೋಗ ಸೃಷ್ಟಿಯ ಲೆಕ್ಕ ಕೊಡುವುದು. 2009ರ ಜನವರಿಯಲ್ಲಿ ಒಬಾಮ ಅವರ ಇಬ್ಬರು ಸಲಹೆಗಾರರು ಒಂದು ಗ್ರಾಫ್ ಬರೆದರು. ಆರ್ಥಿಕತೆಗೆ ಸರ್ಕಾರಿ ಹಣ ಸುರಿಯುವ ಅವರ ಯೋಜನೆ ಬಂದರೆ ನಿರುದ್ಯೋಗ ಶೇ 8 ದಾಟುವುದಿಲ್ಲ ಎಂದು ಅದು ತೋರಿಸಿತು. 78,700 ಕೋಟಿ ಡಾಲರಿನ ಕಾಯ್ದೆ ಬಂತು. ಕೆಳಮನೆಯಲ್ಲಿ ವಿರೋಧ ಪಕ್ಷದ, ಅಂದರೆ ರಿಪಬ್ಲಿಕನ್ ಪಕ್ಷದ, ಒಬ್ಬರೂ ಪರವಾಗಿ ಮತ ಹಾಕಲಿಲ್ಲ, ಸೆನೆಟ್‌ನಲ್ಲಿ ಮೂವರು ಹಾಕಿದರು. ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ 10 ಮುಟ್ಟಿತು. ಕಾಯ್ದೆ ಇಲ್ಲದಿದ್ದರೆ ಇನ್ನೂ ಕೆಡುತ್ತಿತ್ತು ಅನ್ನಬಹುದು, ನನಗೂ ಹಾಗೇ ಅನಿಸುತ್ತದೆ. ಆದರೆ ಹೋಗದೆ ಉಳಿದ ಕೆಲಸವನ್ನು ಯಾರಿಗೆ ತೋರಿಸುವುದು? ಎರಡು ವರ್ಷದ ನಂತರದ ಮಸೂದೆಯ ಕಾಲಿಗೆ ಆ ಗ್ರಾಫ್ ತೊಡರಿತು.

2011ರ ಮಸೂದೆಯನ್ನು ತುಂಡು ಮಾಡಿಯೂ ನೋಡಿದರು. ಶಿಕ್ಷಕರು, ಪೊಲೀಸರು, ಅಗ್ನಿಶಾಮಕ ಸಿಬ್ಬಂದಿಯನ್ನು ಉಳಿಸಿಕೊಳ್ಳುವ 3,500 ಕೋಟಿ ಡಾಲರಿನ ತುಂಡಿಗೆ 50-50. ರಸ್ತೆ, ಸೇತುವೆಗಳ 6,000 ಕೋಟಿಗೆ 51-49. ಎರಡೂ ಬಿದ್ದವು. ಮಾಜಿ ಸೈನಿಕರನ್ನು ಕೆಲಸಕ್ಕೆ ಸೇರಿಸಿಕೊಳ್ಳುವವರಿಗೆ ತೆರಿಗೆ ವಿನಾಯಿತಿ ಕೊಡುವ ತುಂಡು ಮಾತ್ರ ಸುಲಭವಾಗಿ ದಾಟಿತು. ಸೈನಿಕರಿಗೆ ಬೇಡ ಅನ್ನುವವರು ಯಾರು?

ಮುಂದಿನ ವರ್ಷ ‘ಜಾಬ್ಸ್ ಆಕ್ಟ್’ ಎಂಬುದು ಎರಡೂ ಪಕ್ಷಗಳ ಬೆಂಬಲದಿಂದ ಪಾಸಾಯಿತು. ಒಳಗೆ ನೋಡಿದರೆ ಅದು ಹೊಸ ಕಂಪನಿಗಳು ಬಂಡವಾಳ ಎತ್ತುವುದನ್ನು ಸಲೀಸು ಮಾಡುವ ಕಾಯ್ದೆ.

2021ರ ಮಾರ್ಚ್‌ನಲ್ಲಿ ಅಧ್ಯಕ್ಷರಾಗಿದ್ದ ಜೋ ಬೈಡನ್ ಮಂಡಿಸಿದ್ದು ‘ಅಮೆರಿಕನ್ ಜಾಬ್ಸ್ ಪ್ಲಾನ್’, 2 ಲಕ್ಷ ಕೋಟಿ ಡಾಲರಿಗೂ ಹೆಚ್ಚಿನದು. ನವೆಂಬರ್‌ನಲ್ಲಿ ಸಹಿ ಬಿದ್ದ ಕಾಯ್ದೆ ಸುಮಾರು 1.2 ಲಕ್ಷ ಕೋಟಿಯದು. ಅದರಲ್ಲೂ ಹೊಸ ಹಣ ಅರ್ಧಕ್ಕಿಂತ ಕಡಿಮೆ. ವೃದ್ಧರನ್ನು, ಅಂಗವಿಕಲರನ್ನು ಮನೆಯಲ್ಲೇ ನೋಡಿಕೊಳ್ಳುವ ಕೆಲಸಕ್ಕೆ ಇಟ್ಟಿದ್ದ 40,000 ಕೋಟಿ ಹೊರಗೇ ಉಳಿಯಿತು. ರಸ್ತೆ, ಸೇತುವೆ, ನೀರಿನ ಪೈಪು ಉಳಿದವು. ‘ಉದ್ಯೋಗ’ ಎಂಬ ಪದವೂ ಉಳಿದಿದೆ, ಕಾಯ್ದೆಯ ಉದ್ದ ಹೆಸರಿನ ಕೊನೆಯಲ್ಲಿ. ಜನ ಮಾತ್ರ ಅದನ್ನು ಮೂಲಸೌಕರ್ಯ ಕಾಯ್ದೆ ಅಂತಲೇ ಕರೆಯುತ್ತಾರೆ.