ಬಂದರು, ರೈಲು, ಹೆದ್ದಾರಿ ಮೂರೂ ಇದ್ದು ಕಾರವಾರಕ್ಕೆ ಕಂಪನಿ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನನ್ನ ಮಗ ಬಿ.ಎಸ್ಸಿ. ಮುಗಿಸಿ ಗೋವಾದ ವೆರ್ಣಾದಲ್ಲಿ ಔಷಧ ಕಂಪನಿಯೊಂದರ ಲ್ಯಾಬ್‌ನಲ್ಲಿ ಕೆಲಸಕ್ಕಿದ್ದಾನೆ. ಕತ್ತಲಲ್ಲೇ ಮನೆ ಬಿಡುತ್ತಾನೆ. ನಮ್ಮೂರಿಗೆ ಬಂದರಿದೆ, ರೈಲಿದೆ, ಹೆದ್ದಾರಿ ಇದೆ. ಆದರೂ ಕಂಪನಿಗಳು ಯಾಕೆ ಬರುವುದಿಲ್ಲ? ಕೆಲಸ ಬಿಟ್ಟು ಇಲ್ಲೇ ಏನಾದರೂ ಮಾಡುತ್ತೇನೆ ಅಂತಿದ್ದಾನೆ. ಬಿಡಿಸಬಹುದಾ?
(ಕಾರವಾರದ ಓದುಗರೊಬ್ಬರು)

ಉತ್ತರ: ಅಕ್ಕಾ, ಶಿರವಾಡ ಸ್ಟೇಷನ್‌ನಲ್ಲಿ ಬೆಳಗಿನ ಗಾಡಿಗೆ ಕಾಯುವ ಹುಡುಗರನ್ನು ನಾನೂ ನೋಡಿದ್ದೇನೆ. ಬ್ಯಾಗಿನಲ್ಲಿ ಊಟದ ಡಬ್ಬಿ, ಕೊರಳಲ್ಲಿ ಐಡಿ ಕಾರ್ಡು, ಕಣ್ಣಲ್ಲಿ ಇನ್ನೂ ನಿದ್ದೆ. ಹಾಗಾಗಿ ಸುಮ್ನೆ ಸಮಾಧಾನದ ಮಾತು ಹೇಳಲಾರೆ.

ಮೊದಲನೆಯ ಕಾರಣ ಜಾಗ. ಉತ್ತರ ಕನ್ನಡ ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡ ಜಿಲ್ಲೆ, ಆದರೆ ಅದರ ನೂರಕ್ಕೆ ಎಂಬತ್ತರಷ್ಟು ಕಾಡು. ಉಳಿದಿದ್ದರಲ್ಲಿ ಸಮುದ್ರದ ದಂಡೆಗೆ ಸಿಆರ್‌ಝಡ್ ನಿಯಮ, ಅಂದರೆ ಕಡಲಂಚಿನಲ್ಲಿ ಕಟ್ಟಡ ಕಟ್ಟುವುದಕ್ಕೆ ನಿರ್ಬಂಧ, ಇದೆ. ಕಾರವಾರ ಮತ್ತು ಅಂಕೋಲಾ ಸೀಮೆಯ ಸುಮಾರು 11 ಸಾವಿರ ಎಕರೆ ಸೀಬರ್ಡ್ ನೌಕಾನೆಲೆ ಯೋಜನೆಗೆ ಹೋಯಿತು. ಗುಡ್ಡಕ್ಕೂ ಕಡಲಿಗೂ ನಡುವೆ ಉಳಿಯುವುದು ಒಂದು ಪಟ್ಟಿ. ಅದರಲ್ಲೇ ಮನೆ, ಗದ್ದೆ, ರೈಲು, ಹೆದ್ದಾರಿ ಎಲ್ಲಾ ಆಗಬೇಕು. ಐವತ್ತು ಎಕರೆ ಸಮತಟ್ಟಾದ ಜಾಗ ಒಂದೇ ಕಡೆ ಬೇಕು ಅನ್ನುವ ಕಂಪನಿಗೆ ಇಲ್ಲಿ ತೋರಿಸಲು ಜಾಸ್ತಿ ಏನಿಲ್ಲ.

ಜಾಗ ಒಂದೇ ಆಗಿದ್ದರೆ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು. ನನ್ನ ಪ್ರಕಾರ ದೊಡ್ಡ ಕಾರಣ ಬೇರೆ. ಕಾರವಾರದಲ್ಲಿ ಎಲ್ಲವೂ ಹಾದುಹೋಗುತ್ತದೆ, ಯಾವುದೂ ನಿಲ್ಲುವುದಿಲ್ಲ.

ಒಂದು ಕಾಲಕ್ಕೆ ನಿಲ್ಲುತ್ತಿತ್ತು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಹತ್ತಿಯ ಚಕ್ಕಡಿಗಳು ಘಟ್ಟ ಇಳಿದು ಕಾರವಾರದ ಬಂದರಿಗೆ ಬಂದವು. ಗಾಡಿ ನಿಂತರೆ ಎತ್ತಿಗೆ ಹುಲ್ಲು ಬೇಕು, ಗಾಡಿಯವನಿಗೆ ಊಟ ಬೇಕು, ಮಾಲಿಗೆ ಗೋದಾಮು ಬೇಕು, ಲೆಕ್ಕಕ್ಕೆ ಗುಮಾಸ್ತ ಬೇಕು. ಪೇಟೆ ಅಂದರೆ ಅದೇ ಅಲ್ವಾ? ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು ಆಗಲೇ ನಡೆದಿತ್ತು. ಆದರೆ ರೈಲು ಹೋಗಿದ್ದು ಪೋರ್ಚುಗೀಸರ ಗೋವಾದ ಮೊರ್ಮುಗಾಂವ್ ಬಂದರಿಗೆ. 1880ರ ದಶಕದ ಕೊನೆಯ ಹೊತ್ತಿಗೆ ಆ ಹಳಿ ಬಂತು, ಘಟ್ಟದ ಮೇಲಿನ ವ್ಯಾಪಾರ ಕಾರವಾರವನ್ನು ಬಿಟ್ಟು ಅತ್ತ ತಿರುಗಿತು. ಇವತ್ತು ನಿಮ್ಮ ಮಗ ಹೋಗುವ ದಿಕ್ಕಿಗೇ ಅಂದು ಹತ್ತಿಯೂ ಹೋಯಿತು.

ಹುಬ್ಬಳ್ಳಿ–ಅಂಕೋಲಾ ರೈಲಿನ ಕಥೆ ನಿಮಗೆ ಗೊತ್ತೇ ಇದೆ. 1990ರ ದಶಕದ ಕೊನೆಯಲ್ಲಿ ಶಂಕುಸ್ಥಾಪನೆ ಆಯಿತು. ಸುಮಾರು 165 ಕಿ.ಮೀ. ಮಾರ್ಗ, ಅದರಲ್ಲಿ ಹೆಚ್ಚಿನ ಪಾಲು ಪಶ್ಚಿಮ ಘಟ್ಟದ ಕಾಡು. ಕಾಡಿನ ವಿಷಯ ಕೋರ್ಟು ಹತ್ತಿ, ಕಾಲು ಶತಮಾನ ಕಳೆಯಿತು. ಕಾಡು ಕಡಿಯಬೇಡಿ ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಿದ್ದನ್ನು ನೋಡಿದ ಮೇಲಂತೂ ಸಾಧ್ಯವೇ ಇಲ್ಲ. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೇ ಸೇತುವೆ ಲಾರಿ ಸಮೇತ ಮುರಿದುಬಿತ್ತು. ಕಾರ್ಖಾನೆ ಹಾಕುವವರು ಸಬ್ಸಿಡಿ ಎಷ್ಟು ಅಂತ ಕೇಳುತ್ತಾರೆ, ನಿಜ. ಆದರೆ ಮಳೆಗಾಲದಲ್ಲಿ ನಮ್ಮ ಲಾರಿ ಹೇಳಿದ ದಿನ ಮುಟ್ಟುತ್ತದಾ ಅಂತಲೂ ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರಶ್ನೆಗೆ ಎದೆ ತಟ್ಟಿ ಹೌದು ಅನ್ನಲು ನಮ್ಮಿಂದ ಆಗುತ್ತಿಲ್ಲ. ಆಸ್ಪತ್ರೆಯದೂ ಅದೇ ಕಥೆ. ಮೆಡಿಕಲ್ ಕಾಲೇಜು ಬಂದಿದೆ, ಆದರೂ ದೊಡ್ಡ ಕಾಯಿಲೆ, ದೊಡ್ಡ ಅಪಘಾತ ಅಂದರೆ ಗೋವಾ, ಹುಬ್ಬಳ್ಳಿ, ಮಣಿಪಾಲ ಅಂತ ಓಡುವುದು ತಪ್ಪಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರಬೇಕಾದ ಮ್ಯಾನೇಜರ್ ಇದನ್ನೂ ಲೆಕ್ಕ ಹಾಕುತ್ತಾನೆ.

ಹಾಗಂತ ದೊಡ್ಡದು ಏನೂ ಬಂದಿಲ್ಲ ಅಂತಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. 2005ರಲ್ಲಿ ಸೀಬರ್ಡ್ ಯೋಜನೆಯ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಅದಕ್ಕಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು, ಪರಿಹಾರಕ್ಕಾಗಿ ದಶಕಗಟ್ಟಲೆ ಅಲೆದವು. ಇಷ್ಟು ಕೊಟ್ಟ ಊರಿಗೆ ತಿರುಗಿ ಬರಬೇಕಾದದ್ದು ಪೂರ್ತಿ ಬಂದಿಲ್ಲ ಅನ್ನುವುದೇ ನನ್ನ ಸಂಕಟ. ನೌಕಾನೆಲೆಯಲ್ಲಿ ಹಡಗು ರಿಪೇರಿ ಯಾರ್ಡ್ ಇದೆ. ಹಡಗು ಅಂದರೆ ವೆಲ್ಡಿಂಗ್, ಬಣ್ಣ, ಪಂಪು, ಕೇಬಲ್, ಎ.ಸಿ. ರಿಪೇರಿ ಹೀಗೆ ನೂರಾರು ಸಣ್ಣ ಕೆಲಸ. ಇವಕ್ಕೆ ಐವತ್ತು ಎಕರೆ ಬೇಕಿಲ್ಲ, ಹತ್ತು ಗುಂಟೆಯ ಶೆಡ್ ಸಾಕು. ಐಟಿಐ ಓದಿದ ಹುಡುಗರನ್ನು ಇಂಥ ಕೆಲಸಕ್ಕೆ ಸರಿಯಾಗಿ ತಯಾರು ಮಾಡಿ, ಟೆಂಡರ್ ಹಾಕಲು ಕಲಿಸುವುದು ಒಂದು ಕಾರ್ಖಾನೆ ತರುವುದಕ್ಕಿಂತ ಸುಲಭ.

ಈಗ ನಮ್ಮ ಮೀನುಗಾರಿಕೆ ಬಂದರು ಬೈತಖೋಲಕ್ಕೆ ಬನ್ನಿ. ಮೀನುಗಾರಿಕೆ ನಿಷೇಧದ ಎರಡು ತಿಂಗಳು ಕಳೆದು, ದೋಣಿಗಳು ತುಂಬಿ ಬರುವ ದಿನಗಳಲ್ಲಿ ಒಂದು ಬೆಳಿಗ್ಗೆ ಅಲ್ಲಿ ನಿಂತು ನೋಡಿ. ಬುಟ್ಟಿ ಬುಟ್ಟಿ ಬಂಗಡೆ ಇಳಿಯುತ್ತದೆ. ಪುಡಿ ಮಾಡಿದ ಮಂಜುಗಡ್ಡೆಯನ್ನು ಸಲಿಕೆಯಲ್ಲಿ ಎತ್ತಿ, ಒಂದು ಪದರ ಐಸು, ಒಂದು ಪದರ ಮೀನು ಅಂತ ಥರ್ಮೋಕೋಲ್ ಪೆಟ್ಟಿಗೆ ತುಂಬುತ್ತಾರೆ. ಟೇಪ್ ಸುತ್ತಿದ್ದೇ ತಡ, ಲಾರಿ ಹೊರಟಿತು. ಗೋವಾಕ್ಕೆ, ಮಂಗಳೂರಿಗೆ, ಕೇರಳಕ್ಕೆ. ಆ ಮೀನನ್ನು ಸೀಳಿ, ತೊಳೆದು, ಫ್ರೀಜ್ ಮಾಡಿ, ಚೀಟಿ ಅಂಟಿಸುವ ಕೆಲಸ, ಅಂದರೆ ಅದರ ಬೆಲೆ ಏರುವ ಕೆಲಸ, ಹೆಚ್ಚಾಗಿ ಬೇರೆ ಊರಲ್ಲಿ ನಡೆಯುತ್ತದೆ. ನಮಗೆ ಉಳಿಯುವುದು ಐಸು ಕರಗಿದ ನೀರು.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಪೂರ್ತಿ ಉಲ್ಟಾ ಇರುವ ಊರು ಶಿರಸಿ. ಅದಕ್ಕೆ ರೈಲಿಲ್ಲ, ಬಂದರಿಲ್ಲ, ಸಮುದ್ರಕ್ಕೆ ಇಳಿಯಬೇಕಾದರೆ ದೇವಿಮನೆ ಘಟ್ಟ ದಾಟಬೇಕು. ಆದರೂ ಪೇಟೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಯಾಕೆ? ಅಡಿಕೆ ಅಲ್ಲಿ ನಿಲ್ಲುತ್ತದೆ. 1923ರಲ್ಲಿ ತೋಟಗಾರರು ಸೇರಿ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡರು, ಅದೇ ಇವತ್ತಿನ ಟಿಎಸ್‌ಎಸ್. ರೈತ ತಂದ ಮೂಟೆ ಅಲ್ಲಿ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ ಅಂತ ಬೇರೆಯಾಗುತ್ತದೆ. ಟೆಂಡರ್ ಆಗುತ್ತದೆ, ದರ ಶಿರಸಿಯಲ್ಲೇ ನಿಗದಿಯಾಗುತ್ತದೆ. ಅಡಿಕೆ ಕೊನೆಗೆ ಉತ್ತರ ಭಾರತಕ್ಕೆ ಹೋದರೂ ಅದರ ದುಡ್ಡು ಒಂದು ಸುತ್ತು ಶಿರಸಿಯಲ್ಲಿ ತಿರುಗಿಯೇ ಹೋಗುತ್ತದೆ. ಆ ದುಡ್ಡಿನ ಹಿಂದೆ ಬ್ಯಾಂಕು ಬಂತು, ಗಾಡಿ ಶೋರೂಮ್ ಬಂತು, ಬಟ್ಟೆ ಅಂಗಡಿ ಬಂತು. ಯಾರೂ ಕೈ ಮುಗಿದು ಕರೆಯಲಿಲ್ಲ. 2019ರಲ್ಲಿ 'ಶಿರಸಿ ಸುಪಾರಿ'ಗೆ ಜಿಐ ಗುರುತೂ (ಇದು ಈ ಸೀಮೆಯದೇ ಮಾಲು ಅನ್ನುವ ಅಧಿಕೃತ ಮುದ್ರೆ) ಸಿಕ್ಕಿತು. ಅಡಿಕೆಯೊಂದನ್ನೇ ನಂಬಿದ್ದು ಅಪಾಯವೂ ಹೌದು, ದರ ಬಿದ್ದ ವರ್ಷ ಇಡೀ ಪೇಟೆ ಬಾಡುತ್ತದೆ. ಆದರೂ ಕಾರವಾರ ಕಲಿಯಬೇಕಾದ ಪಾಠ ಘಟ್ಟದ ಮೇಲೆಯೇ ಇದೆ.

ಬಂದರು ದೊಡ್ಡದು ಮಾಡಿದರೆ ಎಲ್ಲಾ ಸರಿಹೋಗುತ್ತದೆ ಅನ್ನುವವರಿದ್ದಾರೆ. 2020ರ ಜನವರಿಯಲ್ಲಿ ವಿಸ್ತರಣೆ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದರು. ಟ್ಯಾಗೋರ್ ಕಡಲತೀರ ಹೋದರೆ ದೋಣಿ ಎಳೆಯಲು ಜಾಗ ಎಲ್ಲಿ ಎಂಬುದು ಅವರ ಪ್ರಶ್ನೆ. ನಾನು ಅವರ ಪರ. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗ ಬಂದರಿನ ಲಾರಿಗಳೆಲ್ಲ ಮಾಯವಾಗಿದ್ದನ್ನು ನಾವು ನೋಡಿದ್ದೇವೆ. ಅದಿರು ಕೂಡ ಹಾದುಹೋಗುವ ಮಾಲೇ ಆಗಿತ್ತು. ಬಂದರಿಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಮೊದಲು ಬೈತಖೋಲದ ಶೀತಲಗೃಹಕ್ಕೆ, ಮೀನು ಸಂಸ್ಕರಣೆಗೆ ಹಾಕಲಿ. ಬುಟ್ಟಿ ಹೊರುವ ಹೆಂಗಸರ ಸಂಘಗಳಿಗೇ ಅದರಲ್ಲಿ ಪಾಲು ಇರಲಿ.

ಇನ್ನು ನಿಮ್ಮ ಮಗನ ವಿಷಯ. ಸದ್ಯಕ್ಕೆ ಬಿಡಿಸಬೇಡಿ. ಆದರೆ ಅವನ ಕೈಯಲ್ಲಿರುವುದು ಸಣ್ಣ ವಿದ್ಯೆಯಲ್ಲ. ನನ್ನ ಪರಿಚಯದವರೊಬ್ಬರು ಕುಮಟಾ ಕಡೆ ಮುರುಗಲು ಸಿರಪ್ಪು, ಉಪ್ಪಿನಕಾಯಿ ಮಾಡುತ್ತಾರೆ. ಹೊರರಾಜ್ಯದ ಅಂಗಡಿಯೊಂದು ಮಾಲು ತೆಗೆದುಕೊಳ್ಳಲು ಒಪ್ಪಿ, ಲ್ಯಾಬ್ ರಿಪೋರ್ಟ್ ಕೇಳಿತು. ಬಾಟಲಿಗಳನ್ನು ಜಿಲ್ಲೆಯ ಹೊರಗೆ ಕಳಿಸಿ ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ಹಬ್ಬದ ಆರ್ಡರ್ ಕೈತಪ್ಪಿತ್ತು. ಸ್ಯಾಂಪಲ್ ತೆಗೆಯುವುದು, ಪರೀಕ್ಷೆ ಮಾಡುವುದು, ದಾಖಲೆ ಇಡುವುದು ನಿಮ್ಮ ಮಗ ದಿನಾ ಮಾಡುವ ಕೆಲಸವೇ ಅಲ್ವಾ? ಇನ್ನೆರಡು ವರ್ಷ ಅಲ್ಲೇ ಇದ್ದು ಪೂರ್ತಿ ಕಲಿಯಲಿ. ಭಾನುವಾರಗಳಲ್ಲಿ ಅಂಕೋಲಾ, ಕುಮಟಾ, ಹೊನ್ನಾವರ ಸುತ್ತಿ, ಉಪ್ಪಿನಕಾಯಿ, ಗೇರುಬೀಜ, ಒಣಮೀನು ಮಾಡುವವರನ್ನು ಮಾತಾಡಿಸಲಿ. ತಿಂಗಳಿಗೆ ಎಷ್ಟು ಸ್ಯಾಂಪಲ್ ಹೊರಗೆ ಕಳಿಸುತ್ತೀರಿ, ಎಷ್ಟು ಖರ್ಚಾಗುತ್ತದೆ ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಆ ಲೆಕ್ಕ ಅವನ ಈಗಿನ ಸಂಬಳಕ್ಕೆ ಹತ್ತಿರ ಬಂದ ದಿನ ನನಗೆ ಇನ್ನೊಮ್ಮೆ ಬರೆಯಿರಿ.