ಡಿಸೈನ್ ಡಿಗ್ರಿ ಬೇಕಾ, ಆರು ತಿಂಗಳ ಕೋರ್ಸ್ ಸಾಕಾ?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಡಿಸೈನೇ ಓದುತ್ತೇನೆ ಅಂತ ಹಟ. ನಾಲ್ಕು ವರ್ಷಕ್ಕೆ ಲಕ್ಷಗಟ್ಟಲೆ ಫೀಸು. ಆರು ತಿಂಗಳ ಫೋಟೋಶಾಪ್ ಕೋರ್ಸ್ ಮಾಡಿದವರೂ ಸಂಪಾದಿಸುತ್ತಿದ್ದಾರಲ್ಲ ಸರ್, ಡಿಗ್ರಿ ಯಾಕೆ?

ಪಿಯುಸಿ ರಿಸಲ್ಟ್ ಬಂದ ವಾರ ಈ ಪ್ರಶ್ನೆ ಬರದಿದ್ದರೆ ನನಗೇ ಏನೋ ಕಳೆದುಕೊಂಡ ಹಾಗಾಗುತ್ತದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕರೆ ಬೇಕು. ಸಾಲ ಮಾಡಿ ಸಾಧಾರಣ ಕಾಲೇಜಿಗೆ ಹಾಕುವುದಾದರೆ ಬೇಡ.

ಆದರೆ ಈ ಪ್ರಶ್ನೆಯ ಹೊಟ್ಟೆಯಲ್ಲಿ ಒಂದು ನಂಬಿಕೆ ಕೂತಿದೆ, ಡಿಸೈನ್ ಅಂದರೆ ಸಾಫ್ಟ್‌ವೇರ್ ಅಂತ. ಅಲ್ಲ ಸ್ವಾಮಿ. ಎಷ್ಟು ಸಲ ಹೇಳಲಿ? ಬಟನ್ ಒತ್ತುವುದನ್ನು ಕಲಿಯಲು ಆರು ತಿಂಗಳೂ ಬೇಡ, ಯೂಟ್ಯೂಬ್ ಸಾಕು. ಊರೂರಿನ ಡಿಟಿಪಿ ಸೆಂಟರ್‌ಗಳಲ್ಲಿ ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್ ಕಲಿತವರನ್ನು ಕೇಳಿ ನೋಡಿ. ಅದರ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ವೆಬ್‌ಸೈಟುಗಳಲ್ಲಿ ಚಿತ್ರ ಕುಣಿಸುತ್ತಿದ್ದ ಫ್ಲ್ಯಾಶ್ ಕಲಿತವರ ಅಂಗಡಿ 2020ರ ಕೊನೆಗೆ ಮುಚ್ಚಿತು. ಈಗ ಎಲ್ಲರ ಬಾಯಲ್ಲೂ ಫಿಗ್ಮಾ, ಆ್ಯಪ್, ವೆಬ್‌ಸೈಟಿನ ಪರದೆ ವಿನ್ಯಾಸ ಮಾಡುವ ಸಾಫ್ಟ್‌ವೇರ್. ಅದೂ ಎಷ್ಟು ದಿನವೋ.

ಡಿಸೈನ್ ಓದುವಾಗ ಮೊದಲ ವರ್ಷದಲ್ಲಿ ನಾನೊಂದು ಮದುವೆ ಪತ್ರಿಕೆ ಮಾಡಿದ್ದೆ. ಸ್ಕ್ರೀನ್ ಮೇಲೆ ಚೆಂದವಾಗಿಯೇ ಇತ್ತು. ಮೇಷ್ಟ್ರು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದರು. ನನ್ನನ್ನು ಹಿಂದಕ್ಕೆ ನಿಲ್ಲಿಸಿ "ಓದು" ಅಂದರು. 'ಶಾಸ್ತ್ರೋಕ್ತವಾಗಿ'ಯ ಒತ್ತುಗಳು ಕೆಳಸಾಲಿನ 'ಕಲ್ಯಾಣ ಮಂಟಪ'ದ ತಲೆಕಟ್ಟಿನ ಮೇಲೆ ಕೂತಿದ್ದವು. ಇಂಗ್ಲಿಷಿಗೆ ಬಿಡುವಷ್ಟೇ ಸಾಲಿನ ಅಂತರವನ್ನು ಕನ್ನಡಕ್ಕೂ ಬಿಟ್ಟಿದ್ದೆ. ಇಂಗ್ಲಿಷಿನಲ್ಲಿ ಜಿ, ವೈ ಥರದ ಕೆಲವು ಅಕ್ಷರಗಳ ಬಾಲ ಮಾತ್ರ ಕೆಳಗಿಳಿಯುತ್ತದೆ. ನಮ್ಮಲ್ಲಿ ಒಂದಕ್ಷರದ ಕೆಳಗೆ ಇನ್ನೊಂದು ಪುಟ್ಟ ಅಕ್ಷರವೇ ಬಂದು ಕೂರುತ್ತದೆ. "ಹುಡುಗನ ಅಜ್ಜಿ ಇದನ್ನು ಓದಬೇಕಪ್ಪಾ" ಅಂದವರು ಹನ್ನೊಂದು ಸಲ ಮಾಡಿಸಿದರು. ಸಾಫ್ಟ್‌ವೇರ್ ಒಂದು ಸಲವೂ ತಪ್ಪು ಅಂದಿರಲಿಲ್ಲ. ಹೇಳಿದ್ದನ್ನು ಮಾಡಿತ್ತು, ಅಷ್ಟೇ.

ಫೀಸು ಕೊಡುವುದು ಆ ಗೋಡೆಗೆ, ಆ ಮೇಷ್ಟ್ರಿಗೆ, ಪಕ್ಕದಲ್ಲೇ ಹಾಳೆ ಅಂಟಿಸಿ ಬೈಸಿಕೊಳ್ಳುವ ಜೊತೆಯವರಿಗೆ. ಆರು ತಿಂಗಳ ಕೋರ್ಸ್ ಮಾಡಿ ಗೆದ್ದವರಿದ್ದಾರಲ್ಲ, ಅವರಿಗೆ ಆ ಗೋಡೆ ಯಾವುದೋ ಪ್ರೆಸ್ಸಿನಲ್ಲಿ, ಹಿರಿಯ ಆರ್ಟಿಸ್ಟ್ ಒಬ್ಬರ ಕೈಕೆಳಗೆ ಸಿಕ್ಕಿರುತ್ತದೆ. ಇನ್ನು ಕೆಲವು ಕಾಲೇಜುಗಳಲ್ಲಿ ಬೋರ್ಡು ಮಾತ್ರ ಬಿ.ಡೆಸ್ (ಡಿಸೈನ್ ಡಿಗ್ರಿ), ಒಳಗೆ ಬರೀ ಕಂಪ್ಯೂಟರ್ ಲ್ಯಾಬು. ಅಡ್ಮಿಷನ್‌ಗೆ ಮೊದಲು ಮೂರನೇ ವರ್ಷದವರ ಪೋರ್ಟ್‌ಫೋಲಿಯೋ, ಅಂದರೆ ಅವರು ಮಾಡಿದ ಕೆಲಸಗಳ ಸಂಗ್ರಹ, ತೋರಿಸಿ ಅಂತ ಕೇಳಿ. ಎಲ್ಲರದ್ದೂ ಒಂದೇ ಥರ ಇದ್ದರೆ ಕಾಫಿ ಕುಡಿದು ವಾಪಸ್ ಬನ್ನಿ.

ಒಳ್ಳೆಯ ಕಾಲೇಜು ಅಂದರೆ ಅಹಮದಾಬಾದಿನ ರಾಷ್ಟ್ರೀಯ ಡಿಸೈನ್ ಸಂಸ್ಥೆ ಎನ್‌ಐಡಿ, ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿರುವ ಫ್ಯಾಷನ್ ಸಂಸ್ಥೆ ನಿಫ್ಟ್, ಯುಸೀಡ್ ಅನ್ನುವ ಪರೀಕ್ಷೆ ಬರೆದು ಸೇರುವ ಐಐಟಿಗಳು. ಎಲ್ಲದಕ್ಕೂ ಪ್ರವೇಶ ಪರೀಕ್ಷೆ ಇದೆ. ಬಿ.ಡೆಸ್‌ಗೆ ಸೈನ್ಸೇ ಆಗಬೇಕಿಲ್ಲ, ಆರ್ಟ್ಸ್, ಕಾಮರ್ಸ್‌ನವರೂ ಬರೆಯಬಹುದು. ಸಿಗಲಿಲ್ಲವಾ? ಮೈಸೂರಿನ ಚಿತ್ರಕಲಾ ಕಾಲೇಜು ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಲೈಡ್ ಆರ್ಟ್ ಇದೆ, ಜಾಹೀರಾತು, ಪುಸ್ತಕದ ಮುಖಪುಟದಂಥ ಕೆಲಸಕ್ಕೆ ಬೇಕಾದ ಕಲೆ. ಹೆಸರಿನಲ್ಲಿ ಡಿಸೈನ್ ಇಲ್ಲ ಅಂತ ಅಪ್ಪ ಅಮ್ಮಂದಿರು ಆ ಕಡೆ ನೋಡುವುದೇ ಇಲ್ಲ. ನಾನಂತೂ ಕೆಲಸಕ್ಕೆ ಬಂದವರನ್ನು ಮಾರ್ಕ್ಸ್ ಕಾರ್ಡ್ ಕೇಳಿದ್ದೇ ಇಲ್ಲ.

ಒತ್ತಿನ ಮಾತು ಬಂತಲ್ಲ, ಯಾರೂ ಕೇಳದ್ದನ್ನೂ ಹೇಳಿಬಿಡುತ್ತೇನೆ. ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದಮೇಲೆ ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು. ಸಂತೋಷ. ಆದರೆ ತುಂಬಾ ಕಡೆ ಅಕ್ಷರಗಳನ್ನು ಅಡ್ಡಡ್ಡ ಎಳೆದು ಜಾಗ ತುಂಬಿಸಿದ್ದಾರೆ. ನಮ್ಮ ಬೀದಿಯ ಬಟ್ಟೆ ಅಂಗಡಿಯಲ್ಲಿ 'ವಸ್ತ್ರಾಲಯ'ದ ಎರಡೂ ಒತ್ತು ಲೈಟಿನ ಪಟ್ಟಿಯ ಹಿಂದೆ ಹೋಗಿವೆ. ಟೇಪ್ ಹಿಡಿದು ಅಳೆದರೆ ಲೆಕ್ಕ ಸರಿಯಾಗೇ ಬರುತ್ತದೆ. ರಸ್ತೆಯಿಂದ ಓದಿದರೆ 'ವಸಾಲಯ'.