ಕಸದ ಚೀಲದೊಳಗಿನ ಸೂಜಿ ಕೈಗೆ ಚುಚ್ಚಿದರೆ?

ಪ್ರಶ್ನೆ: ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಕೆಲಸ ನನ್ನದು. ಚೀಲ ಎತ್ತುವಾಗ ಬಳಸಿದ ಸೂಜಿ ಗ್ಲೌಸ್ ತೂರಿ ಚುಚ್ಚಿದರೆ ಏನು ಮಾಡಬೇಕು? ಯಾವ ರೋಗಿಗೆ ಬಳಸಿದ್ದೋ ಗೊತ್ತಿರುವುದಿಲ್ಲವಲ್ಲ?

ಉತ್ತರ: ಗ್ಲೌಸ್ ಬಿಚ್ಚಿ, ನಲ್ಲಿಯ ಕೆಳಗೆ ಬೆರಳು ಹಿಡಿದು ಸೋಪು ಹಚ್ಚಿ ತೊಳೆಯಿರಿ. ಗಾಬರಿಯಲ್ಲಿ ಬೆರಳು ಹಿಂಡಿ ರಕ್ತ ತೆಗೆಯುವವರಿದ್ದಾರೆ, ಬಾಯಿಗಿಟ್ಟು ಚೀಪುವವರಿದ್ದಾರೆ, ಬ್ಲೀಚಿಂಗ್ ನೀರಿಗೆ ಅದ್ದುವವರೂ ಇದ್ದಾರೆ. ಯಾವುದೂ ಬೇಡ. ಗಾಯ ಕೆರಳುತ್ತದೆಯೇ ಹೊರತು ಒಳಹೊಕ್ಕ ವೈರಾಣು ಹೊರಬರುವುದಿಲ್ಲ. ರಕ್ತ ಕಣ್ಣಿಗೆ ಸಿಡಿದಿದ್ದರೆ ಸೋಪಿಲ್ಲದೆ ಬರೀ ನೀರಿನಲ್ಲಿ ತೊಳೆಯಿರಿ.

ತೊಳೆದ ಕೂಡಲೇ ಕ್ಯಾಷುಯಾಲ್ಟಿಗೆ ಹೋಗಿ. ಶಿಫ್ಟ್ ಮುಗಿಯಲಿ ಎಂದು ದಯವಿಟ್ಟು ಕಾಯಬೇಡಿ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ. 72 ಗಂಟೆ ದಾಟಿದರೆ ಅದನ್ನು ಕೊಡುವುದಿಲ್ಲ. ಸೂಜಿ ಯಾರದ್ದೆಂದು ತಿಳಿಯದಿದ್ದರೂ ಅದು ಯಾವ ವಾರ್ಡಿನದು, ಗಾಯ ಎಷ್ಟು ಆಳ ಎಂದು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಮಾತ್ರೆ ಬರೆದುಕೊಟ್ಟರೆ 28 ದಿನ ಬಿಡದೆ ನುಂಗಬೇಕು. ಅದೇ ದಿನ ನಿಮ್ಮ ರಕ್ತಪರೀಕ್ಷೆ ಮಾಡಿಸಿ, ರಿಜಿಸ್ಟರ್‌ನಲ್ಲಿ ಬರೆಸಿ. ಮುಂದೆ ಸೋಂಕು ಕಂಡುಬಂದರೆ ಅದು ಕೆಲಸದಲ್ಲೇ ತಗುಲಿತು ಎನ್ನಲು ಇದೇ ದಾಖಲೆ.

ಎಚ್‌ಐವಿ ಎಂದರೆ ಎದೆ ನಡುಗುತ್ತದೆ. ಆದರೆ ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದರೂ ಅದು ತಗುಲುವುದು ಸಾವಿರಕ್ಕೆ ಸುಮಾರು ಮೂವರಿಗೆ. ನಾನು ಹೆಚ್ಚು ಹೆದರುವುದು ಲಿವರ್‌ಗೆ ತಗುಲುವ ಸೋಂಕಾದ ಹೆಪಟೈಟಿಸ್ ಬಿಗೆ. ಲಸಿಕೆ ಇಲ್ಲದವರಿಗೆ ಅದು ತಗುಲುವ ಸಂಭವ ಶೇ. 6ರಿಂದ 30. ಒಣಗಿದ ರಕ್ತದಲ್ಲೂ ಈ ವೈರಾಣು ಏಳು ದಿನ ಉಳಿಯಬಲ್ಲದು. ಇದಕ್ಕೆ ಲಸಿಕೆ ಇದೆ: ಮೊದಲ ಡೋಸ್, ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮತ್ತೊಂದು. ಆಸ್ಪತ್ರೆ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಇದನ್ನು ಹಾಕಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೇ ಹೇಳುತ್ತವೆ. ಗುತ್ತಿಗೆಯವರು ಎಂದು ನಿಮ್ಮನ್ನು ಬಿಡುವಂತಿಲ್ಲ. ಕೇಳಿ ಪಡೆಯಿರಿ.

ಇನ್ನೊಂದು ಮಾತು. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ, ಇದು ನಿಮ್ಮ ತಪ್ಪಲ್ಲ. ಬಳಸಿದ ಸೂಜಿ ಸೇರಬೇಕಾದದ್ದು ತೂತಾಗದ ಬಿಳಿ ಡಬ್ಬಕ್ಕೆ. ಮಂಚದ ಬಳಿ ಆ ಡಬ್ಬ ಇಲ್ಲದಿದ್ದರೆ ಸೂಜಿ ಟ್ರೇಯಲ್ಲೇ ಉಳಿಯುತ್ತದೆ, ರಕ್ತದ ಹತ್ತಿಯ ಜೊತೆ ಹಳದಿ ಚೀಲಕ್ಕೆ ಬೀಳುತ್ತದೆ, ಕೊನೆಗೆ ಇಂಜೆಕ್ಷನ್ ಕೊಡದ ನಿಮ್ಮ ಬೆರಳಿಗೆ ಚುಚ್ಚುತ್ತದೆ. ಹಾಗಾಗಿ ಡಬ್ಬ ಇಲ್ಲದ ಮಂಚ ಕಂಡರೆ ಸಿಸ್ಟರ್‌ಗೆ ಹೇಳಿ. ಚೀಲವನ್ನು ಕಟ್ಟಿದ ಬಾಯಿ ಹಿಡಿದೇ ಎತ್ತಿ. ಅಡಿಗೆ ಕೈ ಕೊಡಬೇಡಿ, ಜಾಗ ಮಾಡಲು ಅದುಮಬೇಡಿ, ನಡೆಯುವಾಗ ಕಾಲಿಗೆ ತಾಗದಂತೆ ದೂರ ಹಿಡಿಯಿರಿ.